ಬ್ಲೋವರ್ ಎಷ್ಟು ಎಚ್.ಪಿ. ಅಂತ ಕೇಳಬೇಡಿ

ಹೋದ ವಾರ ಪಕ್ಕದೂರಿನ ಇಬ್ಬರು ರೈತರು ನಮ್ಮ ಆಲೆಮನೆಗೆ ಬಂದಿದ್ದರು. ಒಲೆಯ ಮಗ್ಗುಲಲ್ಲಿ ಗುಂಯ್‌ಗುಡುತ್ತಿದ್ದ ಬ್ಲೋವರನ್ನು ಸುತ್ತಲೂ ನೋಡಿ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಎಚ್.ಪಿ.?’

‘ಒಂದು’ ಅಂದೆವು. ಅವರು ನಂಬಲಿಲ್ಲ. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿರುವ ಮೂರು ಎಚ್.ಪಿ. ಬ್ಲೋವರ್ ಕಡೆ ಕೈ ತೋರಿಸಿ, ‘ಮತ್ತೆ ಅದ್ಯಾಕೆ ಸುಮ್ಕೆ ಬಿದ್ದದೆ?’ ಅಂದರು.

ಅದಕ್ಕೆ ಉತ್ತರ ಹೇಳಲು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಸಾಲಲಿಲ್ಲ. ಈ ಸೀಸನ್‌ನಲ್ಲಿ ಬ್ಲೋವರ್ ಹಾಕಿಸಬೇಕು ಅಂದುಕೊಂಡಿರುವವರು ಇನ್ನೂ ಇರಬಹುದು. ಅವರು ನಮ್ಮ ಹಾಗೆ ಎರಡು ಸಲ ದುಡ್ಡು ಕೊಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇವೆ. ಇದರ ಜೊತೆಗೆ ಹೇಳಬೇಕಾದ ಇನ್ನೊಂದು ವಿಷಯವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

ನಾವು ಬರೆದ ಸುದ್ದಿ, ಬರೆಯದ ಸಾಲು

ನಾವು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಪಾಂಡವಪುರ ಕಡೆಯ ನಮ್ಮೂರಿಗೇ ವಾಪಸ್ ಬಂದು, ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ ಹಿಡಿದು ಹತ್ತು ವರ್ಷ ದಾಟಿತು. ಸುದ್ದಿಗೆ ಬರುವ ದುಡ್ಡಿನಲ್ಲಿ ಗಾಡಿಯ ಪೆಟ್ರೋಲು ನಡೆಯುತ್ತದೆ. ಮನೆ ನಡೆಯುವುದು ಅಪ್ಪ ಕಟ್ಟಿಸಿದ ಆಲೆಮನೆಯಿಂದ. ಅದನ್ನು ನೋಡಿಕೊಳ್ಳುವುದು ಅಣ್ಣ. ಒಲೆಗೆ ಉರಿ ಹಾಕುವುದು ಸೋದರಮಾವ. ನಾವು ಬುದ್ಧಿ ಬರುವ ಮೊದಲಿನಿಂದಲೂ ಆ ಒಲೆಯ ಬಾಯಿ ಮುಂದೆ ಅವರನ್ನೇ ಕಂಡಿದ್ದೇವೆ.

ಎರಡು ಮಳೆಗಾಲದ ಹಿಂದೆ ಆಲೆಮನೆಗಳಲ್ಲಿ ಹಳೇ ಟೈರು ಸುಡುವುದರ ಬಗ್ಗೆ ಒಂದು ಸುದ್ದಿ ಬರೆದೆವು. ಮೂಗಿಗೆ ಕರವಸ್ತ್ರ ಹಿಡಿದು ಶಾಲೆಗೆ ಹೋಗುವ ಮಕ್ಕಳ ಫೋಟೊ ಜೊತೆಗಿತ್ತು. ಸುದ್ದಿ ಚೆನ್ನಾಗಿ ಬಂತು. ಊರವರು ಫೋನ್ ಮಾಡಿ ‘ಒಳ್ಳೇದು ಬರೆದ್ರಿ’ ಅಂದರು. ರಾತ್ರಿ ಊಟಕ್ಕೆ ಕೂತಾಗ ಅಣ್ಣ ತಟ್ಟೆಯಿಂದ ತಲೆ ಎತ್ತದೆ ಹೇಳಿದ: ‘ಬರ್ದುಬುಟ್ಟೆ, ಸಂತೋಸ. ಬೆಳಿಗ್ಗೆ ಒಲೆಗೆ ಏನಾಕ್ಲಿ? ನಿನ್ ಪೇಪರ್ನಾ?’

ಯಾಕೆಂದರೆ ನಮ್ಮ ಕೊಟ್ಟಿಗೆಯ ಹಿಂದೆಯೂ ಟೈರು ಇದ್ದವು. ಸುದ್ದಿಯಲ್ಲಿ ನಾವು ಬರೆದಿದ್ದು ‘ತಾಲ್ಲೂಕಿನ ಹಲವು ಆಲೆಮನೆಗಳಲ್ಲಿ’ ಅಂತ. ಆ ‘ಹಲವು’ ಅನ್ನುವ ಪದದೊಳಗೆ ನಮ್ಮ ಮನೆಯೂ ಬಚ್ಚಿಟ್ಟುಕೊಂಡು ಕೂತಿತ್ತು.

ಟೈರು ಸುಡುವವರು ದುಷ್ಟರಲ್ಲ. ಮಳೆಗಾಲದಲ್ಲಿ ರಚ್ಚು ಒಣಗುವುದಿಲ್ಲ. ಸೌದೆ ಕೊಂಡು ಸುಟ್ಟರೆ ಬೆಲ್ಲದ ರೇಟು ಅದಕ್ಕೇ ಸರಿಹೋಗುತ್ತದೆ. ಟೈರು ಸಸ್ತಾ, ಮಳೆಯಲ್ಲಿ ನೆನೆದರೂ ಉರಿಯುತ್ತದೆ. ಆದರೆ ರಬ್ಬರನ್ನು ಗಟ್ಟಿ ಮಾಡಲು ಗಂಧಕ ಹಾಕಿರುತ್ತಾರೆ. ಸುಟ್ಟಾಗ ಅದು ಮೂಗು ಗಂಟಲು ಉರಿಸುವ ಗಾಳಿಯಾಗುತ್ತದೆ. ಕರಿ ಮಸಿ ಬೇರೆ. ಇನ್ನು ಬೂದಿಯಲ್ಲಿ ಉಳಿಯುವ ಉಕ್ಕಿನ ತಂತಿ. ರಚ್ಚಿನ ಬೂದಿಯನ್ನು ಗದ್ದೆಗೆ ಎರಚುತ್ತೇವೆ. ಟೈರಿನ ಬೂದಿ ಎರಚಿದ ವರ್ಷ ನಮ್ಮ ಎತ್ತಿನ ಗೊರಸಿಗೆ ತಂತಿ ಹೊಕ್ಕಿತ್ತು. ಮಾವನ ಕೆಮ್ಮಂತೂ ಆ ವರ್ಷ ರಾತ್ರಿ ಪಕ್ಕದ ಮನೆಗೂ ಕೇಳುತ್ತಿತ್ತು.

ಅಣ್ಣನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹುಡುಕುವುದು ಬರೆದವರ ಪಾಲಿಗೆ ಬಂತು.

ಕಬ್ಬು ತನ್ನ ಸೌದೆಯನ್ನು ತಾನೇ ತರುತ್ತದೆ

ಮೊದಲು ಒಂದು ನೋಟ್‌ಬುಕ್ ಹಿಡಿದು ಲೆಕ್ಕಕ್ಕೆ ಕೂತೆವು. ನೀವೂ ನಿಮ್ಮ ಕೊಪ್ಪರಿಗೆಗೆ ಈ ಲೆಕ್ಕ ಮಾಡಿ ನೋಡಬಹುದು.

ನಮ್ಮ ಕೊಪ್ಪರಿಗೆಗೆ ಒಂದು ಸಲಕ್ಕೆ ಹೆಚ್ಚು ಕಡಿಮೆ 1,000 ಕೆ.ಜಿ. ಕಬ್ಬಿನ ಹಾಲು ಬೀಳುತ್ತದೆ. ಹಾಲಿನಲ್ಲಿ ಸಿಹಿ ಅಂಶ ನೂರಕ್ಕೆ 18 ಅಂತ ಇಟ್ಟುಕೊಂಡರೆ ಬೆಲ್ಲ ಸುಮಾರು 190 ಕೆ.ಜಿ. ಆಗುತ್ತದೆ. ಉಳಿದ 810 ಕೆ.ಜಿ. ನೀರು ಆವಿಯಾಗಿ ಸೂರು ದಾಟಬೇಕು. ನಮ್ಮ ಕೆಲಸದಲ್ಲಿ ಬೆಲ್ಲ ಮಾಡುವುದಕ್ಕಿಂತ ನೀರು ಓಡಿಸುವುದೇ ದೊಡ್ಡದು.

ತಣ್ಣಗಿರುವ ನೀರನ್ನು ಕುದಿಯುವ ತನಕ ತರಲು ಒಂದು ಪಾಲು ಶಾಖ ಬೇಕಾದರೆ, ಕುದಿಯುವ ನೀರನ್ನು ಪೂರಾ ಆವಿ ಮಾಡಲು ಏಳು ಪಾಲು ಬೇಕು. ಕೊಪ್ಪರಿಗೆ ಕುದಿ ಹಿಡಿದ ಮೇಲೂ ಗಂಟೆಗಟ್ಟಲೆ ಉರಿ ಹಾಕುತ್ತಲೇ ಇರಬೇಕಾದದ್ದು ಇದಕ್ಕೇ.

ಈಗ ಸೌದೆ ಕಡೆ ನೋಡಿ. 1,000 ಕೆ.ಜಿ. ಹಾಲು ಬರಲು ಸುಮಾರು 1,700 ಕೆ.ಜಿ. ಕಬ್ಬು ಅರೆಯುತ್ತೇವೆ. 700 ಕೆ.ಜಿ.ಯಷ್ಟು ಹಸಿ ರಚ್ಚು ಉಳಿಯುತ್ತದೆ. ಅದರಲ್ಲಿ ಅರ್ಧ ನೀರು. ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿದರೆ ಕೈಗೆ ಸಿಗುವುದು 350 ಕೆ.ಜಿ. ಮೇಲೆ. ಅದು ಪೂರ್ತಿ ಸುಟ್ಟಾಗ ಬರುವ ಶಾಖದಲ್ಲಿ ಹತ್ತಕ್ಕೆ ನಾಲ್ಕು ಪಾಲು ಕೊಪ್ಪರಿಗೆಯ ತಳಕ್ಕೆ ಸೇರಿದರೂ ಸಾಕು, ಆ ಕಬ್ಬಿನ ಬೆಲ್ಲ ಆ ಕಬ್ಬಿನ ರಚ್ಚಿನಲ್ಲೇ ಆಗುತ್ತದೆ. ಟೈರು ಬೇಡ, ಕೊಂಡ ಸೌದೆಯೂ ಬೇಡ.

ಲೆಕ್ಕ ತೋರಿಸಿದಾಗ ಅಣ್ಣ ಕೇಳಿದ, ‘ಅಂಗಾದ್ರೆ ನಮ್ಗೆ ಯಾಕ್ ಸಾಲಕ್ಕಿಲ್ಲ?’

ಮಾವ ಚಿಮಣಿ ಕಡೆ ಬೆರಳು ತೋರಿಸಿದರು. ಕರಿ ಹೊಗೆ ಹೋಗುತ್ತಿತ್ತು.

ಹೊಗೆ ಅಂದರೆ ಏನು ಅಂತ ಶಾಲೆಯಲ್ಲಿ ನಮಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ರಚ್ಚಾಗಲಿ ಸೌದೆಯಾಗಲಿ, ಕಾದಾಗ ಅದರ ಒಣ ತೂಕದ ಮುಕ್ಕಾಲು ಪಾಲು ಅನಿಲವಾಗಿ ಮೇಲೇಳುತ್ತದೆ. ಕೆಂಡವಾಗಿ ಕೆಳಗೆ ಉಳಿಯುವುದು ಸ್ವಲ್ಪ. ಮೇಲೆದ್ದ ಅನಿಲಕ್ಕೆ ಅಲ್ಲೇ ಬಿಸಿಯೂ ಗಾಳಿಯೂ ಸಿಕ್ಕಿದರೆ ಜ್ವಾಲೆಯಾಗಿ ಉರಿಯುತ್ತದೆ. ಸಿಗದಿದ್ದರೆ ಹಾಗೆಯೇ ಹೊಗೆಯಾಗಿ ಹೋಗುತ್ತದೆ. ಅಂದರೆ ಕರಿ ಹೊಗೆ ಸುಡದೇ ಉಳಿದ ಸೌದೆ. ನಾವು ಒಣಗಿಸಿ, ಹೊತ್ತು ತಂದು, ಒಲೆಗೆ ಹಾಕಿ, ಆಮೇಲೆ ಆಕಾಶಕ್ಕೆ ಎಸೆಯುತ್ತಿದ್ದ ಸೌದೆ.

ಆದ್ದರಿಂದ ಗಾಳಿ ಬೇಕು, ಬ್ಲೋವರ್ ಬೇಕು ಅಂತಾಯಿತು. ಇಲ್ಲಿಯವರೆಗೆ ಸರಿಯಾಗಿಯೇ ಇದ್ದೆವು.

ಮೊದಲ ತಪ್ಪು

ಮುಚ್ಚಿದ ಅಕ್ಕಿ ಗಿರಣಿಯೊಂದರ ಹಳೇ ಬ್ಲೋವರ್ ಮಾರಾಟಕ್ಕಿದೆ ಅಂತ ಗೊತ್ತಾಯಿತು. ಮೂರು ಎಚ್.ಪಿ. ದೊಡ್ಡದು, ಸಸ್ತಾ ಬೇರೆ. ದೊಡ್ಡದಾದರೆ ಒಳ್ಳೇದೇ ಅಲ್ಲವೇ ಅಂತ ತಂದೆವು. ಒಲೆಯ ಸರಳಿನ ಕೆಳಗೆ ಪೈಪು ಕೊಟ್ಟು ಸ್ವಿಚ್ ಹಾಕಿದೆವು.

ಒಲೆ ರಾಕ್ಷಸನಂತೆ ಗರ್ಜಿಸಿತು. ಅಣ್ಣನ ಮುಖ ಅರಳಿತು. ಹತ್ತು ನಿಮಿಷಕ್ಕೆ ತೊಂದರೆ ಒಂದೊಂದೇ ಕಾಣತೊಡಗಿತು.

ರಚ್ಚು ಹಗುರ. ಕೆಳಗಿನಿಂದ ಅಷ್ಟು ಗಾಳಿ ನುಗ್ಗಿದಾಗ ಅರೆಬೆಂದ ರಚ್ಚೇ ಮೇಲೆ ಹಾರಿತು. ಬೂದಿ ಸೂರಿನ ತುಂಬ ತುಂಬಿಕೊಂಡು ಹಾಲಿನ ಮೇಲೆ ಕರಿ ಚುಕ್ಕಿಯಾಗಿ ಇಳಿಯಿತು. ಚಿಮಣಿಯಿಂದ ಕಿಡಿ ಹಾರಿ ಅಂಗಳದಲ್ಲಿ ಒಣಗಲು ಹಾಕಿದ್ದ ರಚ್ಚಿನ ಮೇಲೆ ಬಿದ್ದವು. ಅತ್ತಿಗೆ ಕಂಡು ಕೂಗದಿದ್ದರೆ ಆ ದಿನ ಇಡೀ ಬಣವೆ ಹೋಗುತ್ತಿತ್ತು. ನಾಲ್ಕು ಬಿಂದಿಗೆ ನೀರಿನಲ್ಲಿ ಮುಗಿಯಿತು ಅನ್ನುವುದು ನಮ್ಮ ಪುಣ್ಯ.

ಅದಕ್ಕಿಂತ ದೊಡ್ಡ ನಷ್ಟ ಪಾಕದ ಹೊತ್ತಿಗೆ ಆಯಿತು. ಪಾಕ ಗಟ್ಟಿಯಾಗುತ್ತಾ ಬಂದ ಹಾಗೆ ಉರಿ ತಗ್ಗಿಸಬೇಕು. ಆಗ ಕೊಪ್ಪರಿಗೆಯಲ್ಲಿ ನೀರು ಕಡಿಮೆ, ಬಿಸಿ 118 ಡಿಗ್ರಿ ಹತ್ತಿರ. ಒಂದೆರಡು ನಿಮಿಷ ಹೆಚ್ಚಾದರೂ ತಳ ಹತ್ತುತ್ತದೆ. ಆ ಬ್ಲೋವರಿಗೆ ಇದ್ದದ್ದು ಎರಡೇ ಬುದ್ಧಿ: ಪೂರ್ತಿ ಓಡುವುದು, ಇಲ್ಲ ನಿಲ್ಲುವುದು. ನಿಲ್ಲಿಸಿದರೆ ಒಲೆಯ ಬಾಯಿಂದ ಹೊಗೆ ಮಾವನ ಮುಖಕ್ಕೆ ನುಗ್ಗಿತು. ಓಡಿಸಿದರೆ ತಳ ಹತ್ತಿತು. ಆ ಕೊಪ್ಪರಿಗೆಯ ಬೆಲ್ಲ ಕಪ್ಪಾಗಿ, ಕಹಿ ಬಂದು, ಮಂಡಿಗೆ ಒಯ್ಯುವ ಹಾಗಿರಲಿಲ್ಲ.

ಅಷ್ಟೆಲ್ಲ ಗಾಳಿ ಹೊಡೆದರೂ ರಚ್ಚು ಉಳಿಯಲಿಲ್ಲ. ಇದು ನಮಗೆ ಬಹಳ ದಿನ ಅರ್ಥವಾಗಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೋದ ಗಾಳಿ ಸುಮ್ಮನೆ ಹೋಗುವುದಿಲ್ಲ, ತಾನೂ ಕಾದು ಒಲೆಯ ಶಾಖವನ್ನು ಹೊತ್ತುಕೊಂಡು ಚಿಮಣಿ ಹತ್ತುತ್ತದೆ. ಗಾಳಿ ಕಡಿಮೆಯಾದರೂ ನಷ್ಟ, ಹೆಚ್ಚಾದರೂ ನಷ್ಟ.

ಮಾರನೇ ದಿನ ಅಣ್ಣ ಬ್ಲೋವರ್ ಬಿಚ್ಚಿ ಮೂಲೆಗಿಟ್ಟ. ಕೊಟ್ಟಿಗೆ ಹಿಂದಿನಿಂದ ಎರಡು ಟೈರು ಉರುಳಿಸಿಕೊಂಡು ಬಂದ. ಅವನು ಏನೂ ಹೇಳಲಿಲ್ಲ, ನಮಗೂ ಹೇಳಲು ಏನೂ ಇರಲಿಲ್ಲ.

ಮರದ ಹಾಲು ಕಾಯಿಸುವವರಿಂದ ಕಲಿತದ್ದು

ಆ ರಾತ್ರಿ ಫೋನ್ ಹಿಡಿದು ಕೂತೆವು. ಸೌದೆ ಒಲೆ, ಸಿಹಿ ರಸ, ಬ್ಲೋವರ್ ಅಂತ ಇಂಗ್ಲಿಷಿನಲ್ಲಿ ಹಾಕಿ ಹುಡುಕಿದರೆ ಮೇಲೆ ಬಂದದ್ದು ಕಬ್ಬಲ್ಲ, ಮೇಪಲ್ ಅನ್ನುವ ಮರ.

ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್ ಕಡೆ ಚಳಿಗಾಲ ಮುಗಿಯುವಾಗ, ರಾತ್ರಿ ಹಿಮಗಟ್ಟಿ ಹಗಲು ಕರಗುವ ದಿನಗಳಲ್ಲಿ ಈ ಮರಕ್ಕೆ ತೂತು ಕೊರೆದರೆ ನೀರಿನಂಥ ರಸ ತೊಟ್ಟಿಕ್ಕುತ್ತದೆ. ಅದನ್ನು ಕಾಡಿನ ಪಕ್ಕದ ಮರದ ಶೆಡ್ಡಿನಲ್ಲಿ, ಇಟ್ಟಿಗೆ ಒಲೆಯ ಮೇಲೆ, ಅಗಲ ತಟ್ಟೆಯಲ್ಲಿ ಕಾಯಿಸಿ ಸಿರಪ್ ಮಾಡುತ್ತಾರೆ. ಸೂರಿನ ಕಿಂಡಿಯಿಂದ ಆವಿ, ಒಳಗೆ ಸಿಹಿ ವಾಸನೆ, ಒಲೆ ಮುಂದೆ ನಿದ್ದೆಗೆಟ್ಟ ಒಬ್ಬ ಮನುಷ್ಯ. ಫೋಟೊ ನೋಡಿದ ಮಾವ, ‘ಇದೂ ಆಲೆಮನೆನೇ ಕಣಪ್ಪ’ ಅಂದರು.

ಅವರ ಕಷ್ಟ ನಮ್ಮದಕ್ಕಿಂತ ದೊಡ್ಡದು. ಮೇಪಲ್ ರಸದಲ್ಲಿ ಸಿಹಿ ನೂರಕ್ಕೆ 2 ಮಾತ್ರ. 86ನ್ನು ಸಿಹಿ ಅಂಶದಿಂದ ಭಾಗಿಸಿದರೆ ಒಂದು ಪಾಲು ಸಿರಪ್ಪಿಗೆ ಎಷ್ಟು ಪಾಲು ರಸ ಬೇಕು ಅಂತ ಸಿಗುತ್ತದೆ ಅನ್ನುವುದು ಅಲ್ಲಿನ ಹಳೇ ಲೆಕ್ಕ. 86ನ್ನು 2ರಿಂದ ಭಾಗಿಸಿ: ಒಂದು ಲೀಟರ್ ಸಿರಪ್ಪಿಗೆ 43 ಲೀಟರ್ ರಸ! ನೀರು ಕುದಿಯುವ ಬಿಸಿಗಿಂತ 4 ಡಿಗ್ರಿ ಮೇಲೇರಿದರೆ ಅವರ ಸಿರಪ್ ಆಯಿತು. ಬೆಲ್ಲದ ಪಾಕದ ತನಕ ಅವರು ಹೋಗಬೇಕಾಗಿಲ್ಲ. ಆದರೆ ಅಷ್ಟು ನೀರು ಓಡಿಸಬೇಕಾದವರು ಸೌದೆಯ ಒಂದು ತುಂಡನ್ನೂ ಹಾಳು ಮಾಡುವ ಹಾಗಿಲ್ಲ. ಅದಕ್ಕೇ ಒಲೆಗೆ ಗಾಳಿ ಕೊಡುವ ವಿಷಯದಲ್ಲಿ ಅವರು ಬಹಳ ತಲೆ ಓಡಿಸಿದ್ದಾರೆ.

ಅವರಿಂದ ನಾವು ಕಲಿತದ್ದು ಮೂರು.

ಒಂದು, ಸೌದೆ ಒಣಗಿರಬೇಕು, ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿರಬೇಕು. ಒಂದೇ ಸಲ ತುಂಬುವ ಹಾಗಿಲ್ಲ. ಗಡಿಯಾರ ಇಟ್ಟುಕೊಂಡು ಕೆಲವೇ ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಬೇಕು. ಹಾಕಿದ ತಕ್ಷಣ ಬಾಗಿಲು ಮುಚ್ಚಬೇಕು.

ಎರಡು, ಗಾಳಿಯನ್ನು ಕೆಳಗಿನಿಂದ ಮಾತ್ರ ಕೊಡಬಾರದು. ಮುಕ್ಕಾಲು ಪಾಲು ಸೌದೆ ಅನಿಲವಾಗಿ ಮೇಲೆ ಉರಿಯುವುದಾದರೆ ಗಾಳಿಯೂ ಮೇಲೇ ಬೇಕಲ್ಲ? ಅವರು ಉರಿಯ ಮೇಲ್ಭಾಗಕ್ಕೆ ಸಣ್ಣ ಸಣ್ಣ ಕೊಳವೆಗಳಿಂದ ಜೋರಾಗಿ ಗಾಳಿ ಚಿಮ್ಮಿಸುತ್ತಾರೆ. ಹೊಗೆ ಅಲ್ಲೇ ಕಲೆತು ಉರಿದು ಮುಗಿಯುತ್ತದೆ.

ಮೂರು, ಸಣ್ಣ ಕೊಳವೆಯಿಂದ ಗಾಳಿ ಚಿಮ್ಮಬೇಕಾದರೆ ಬ್ಲೋವರಿಗೆ ಒತ್ತಡ ಬೇಕು. ಅವರು ಬ್ಲೋವರ್ ಆರಿಸುವುದು ಒತ್ತಡ ನೋಡಿ.

ಒತ್ತಡ ಅಂದರೆ ನಮಗೆ ಗೊತ್ತಿಲ್ಲದ್ದೇನಲ್ಲ. ಬೋರ್‌ವೆಲ್ಲಿಗೆ ಪಂಪು ಕೊಳ್ಳುವಾಗ ಎಚ್.ಪಿ. ಒಂದನ್ನೇ ಕೇಳಿ ಯಾರೂ ಬರುವುದಿಲ್ಲ. ‘ಎಷ್ಟು ಅಡಿ ಹೆಡ್ಡು, ಎಷ್ಟು ನೀರು’ ಅಂತ ಕೇಳುತ್ತೇವೆ. ಬ್ಲೋವರಿನ ಒತ್ತಡವೂ ಹೆಡ್ಡೇ. ಗಾಳಿಗೆ ಅದನ್ನು ‘ಇಷ್ಟು ಇಂಚು ನೀರು’ ಅಂತ ಅಳೆಯುತ್ತಾರೆ.

ನಾವು ಆರಿಸಿದ ರೀತಿ

ಮೊದಲು ಎಷ್ಟು ಗಾಳಿ ಬೇಕು ನೋಡಿ. ಒಂದು ಕೆ.ಜಿ. ಒಣ ರಚ್ಚು ಸುಡಲು ಕಡಿಮೆಯೆಂದರೂ 5 ಕೆ.ಜಿ. ಗಾಳಿ ಬೇಕು. ಎಲ್ಲ ಕಡೆ ಚೆನ್ನಾಗಿ ಕಲೆಯಲಿ ಅಂತ ಒಂದೂವರೆಪಟ್ಟು ಇಟ್ಟುಕೊಂಡರೆ ಸುಮಾರು ಆರೂವರೆ ಘನ ಮೀಟರ್ ಗಾಳಿ. ನಮ್ಮಲ್ಲಿ ಮೂರು ಗಂಟೆಯಲ್ಲಿ 350 ಕೆ.ಜಿ., ಅಂದರೆ ಗಂಟೆಗೆ 115 ಕೆ.ಜಿ. ರಚ್ಚು. ಗುಣಿಸಿದರೆ ಗಂಟೆಗೆ 750 ಘನ ಮೀಟರ್. ಅಂಗಡಿಯವರು ಮಾತಾಡುವುದು ಸಿ.ಎಫ್.ಎಂ. ಲೆಕ್ಕದಲ್ಲಿ. 750ನ್ನು 1.7ರಿಂದ ಭಾಗಿಸಿ, 440 ಸಿ.ಎಫ್.ಎಂ.

ಒತ್ತಡ 4 ಇಂಚು ನೀರು, ಅಂದರೆ 100 ಮಿ.ಮೀ. ಇರಲಿ ಅಂದುಕೊಂಡೆವು. ಅಷ್ಟಿದ್ದರೆ ಕೊಳವೆಯ ಬಾಯಲ್ಲಿ ಗಾಳಿ ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಚಿಮ್ಮುತ್ತದೆ, ಉರಿಯ ನಡುವಿನ ತನಕ ಮುಟ್ಟುತ್ತದೆ. ಇಷ್ಟು ಗಾಳಿ, ಇಷ್ಟು ಒತ್ತಡಕ್ಕೆ ಬೇಕಾದ ಶಕ್ತಿ ಲೆಕ್ಕ ಹಾಕಿದರೆ, ಬ್ಲೋವರ್ ಅರ್ಧಕ್ಕರ್ಧ ಶಕ್ತಿ ಹಾಳು ಮಾಡಿದರೂ ಒಂದು ಎಚ್.ಪಿ.ಯೊಳಗೇ ಮುಗಿಯುತ್ತದೆ. ಮೂರು ಎಚ್.ಪಿ. ಮೂಲೆಯಲ್ಲಿ ಯಾಕೆ ಕೂತಿದೆ ಅನ್ನುವುದಕ್ಕೆ ಉತ್ತರ ಇದು.

ಇನ್ನು ಜಾತಿ. ಗೋಡೆಗೆ ಹಾಕುವ ಎಕ್ಸಾಸ್ಟ್ ಫ್ಯಾನಿನಂಥದ್ದು ಗಾಳಿ ಬಹಳ ಕೊಡುತ್ತದೆ, ಎದುರಿಗೆ ತಡೆ ಬಂದರೆ ಸುಮ್ಮನಾಗುತ್ತದೆ. ಅದು ಒಲೆಗೆ ಆಗದು. ಕೂಲರಿನೊಳಗೆ ಇರುವ, ತುಂಬಾ ಸಣ್ಣ ರೆಕ್ಕೆಗಳ ಚಕ್ರದ್ದೂ ಬೇಡ. ಅದರ ಒತ್ತಡ ಕಡಿಮೆ, ರೆಕ್ಕೆ ಸಂದಿಯಲ್ಲಿ ದೂಳು ಕೂರುತ್ತದೆ. ಆಲೆಮನೆಯಲ್ಲಿ ರಚ್ಚಿನ ದೂಳಿಗೆ ಬರವಿಲ್ಲ. ನಾವು ತಂದದ್ದು ಐದಾರು ನೇರ ರೆಕ್ಕೆಯ, ಬಸವನಹುಳದ ಆಕಾರದ ಉಕ್ಕಿನ ಬ್ಲೋವರ್. ಸದ್ದು ಸ್ವಲ್ಪ ಜಾಸ್ತಿ, ಆದರೆ ದೂಳು ಹಿಡಿಯುವುದಿಲ್ಲ.

ಅಮೆರಿಕದ ಪಟ್ಟಿ ನೋಡಿ ಕೊಳ್ಳುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿ ನಿಮಿಷಕ್ಕೆ 3,450 ಸುತ್ತು ತಿರುಗುವ ಮೋಟಾರಿನ ಜಾತಿ ಇಲ್ಲಿ 2,880 ಸುತ್ತು ತಿರುಗುತ್ತದೆ. ಅದೇ ಚಕ್ರಕ್ಕೆ ಗಾಳಿ ಆರರಲ್ಲಿ ಐದು ಪಾಲು, ಒತ್ತಡ ಹತ್ತರಲ್ಲಿ ಏಳು ಪಾಲು ಮಾತ್ರ ಸಿಗುತ್ತದೆ. ಪಟ್ಟಿಯಲ್ಲಿ 6 ಇಂಚು ಅಂತ ಇದ್ದರೆ ನಮ್ಮೂರಲ್ಲಿ 4 ಇಂಚು ಅಂದುಕೊಳ್ಳಿ.

ಅಂಗಡಿಯಲ್ಲಿ ಹೇಳಿದ ಒತ್ತಡ ನಿಜವೇ ಅಂತ ನೋಡುವುದು ಸುಲಭ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬು ಇದೆಯಲ್ಲ, ಅದನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ಬಣ್ಣದ ನೀರು ಹಾಕಿ. ಒಂದು ತುದಿಯನ್ನು ಬ್ಲೋವರ್ ಬಾಯಿಗೆ ಸಿಕ್ಕಿಸಿ, ಉಳಿದ ಬಾಯನ್ನು ಹಲಗೆಯಿಂದ ಮುಚ್ಚಿ ಸ್ವಿಚ್ ಹಾಕಿ. ಎರಡು ಕಡೆಯ ನೀರಿನ ಮಟ್ಟಕ್ಕೆ ಎಷ್ಟು ಇಂಚು ವ್ಯತ್ಯಾಸವೋ ಅಷ್ಟು ಇಂಚು ಒತ್ತಡ. ನಾವು ಜೋಳಿಗೆಯಿಂದ ಟ್ಯೂಬು ತೆಗೆದಾಗ ಅಂಗಡಿಯವರು ನಕ್ಕರು. ಮೊದಲು ತೋರಿಸಿದ ಬ್ಲೋವರ್ ಎರಡು ಇಂಚು ದಾಟದಿದ್ದಾಗ ನಗು ನಿಂತಿತು. ಮೂರನೆಯದು ಐದು ತೋರಿಸಿತು. ಅದನ್ನು ತಂದೆವು.

ಒಲೆಗೆ ಎದುರುಬದುರು ಗೋಡೆಯಲ್ಲಿ ಹತ್ತತ್ತರಂತೆ ಅರ್ಧ ಇಂಚಿನ ಜಿ.ಐ. ಪೈಪಿನ 20 ತುಂಡು ಕೂರಿಸಿದೆವು. ಸ್ವಲ್ಪ ಕೆಳಮುಖವಾಗಿ, ಒಂದರ ಎದುರಿಗೆ ಇನ್ನೊಂದು ಬಾರದ ಹಾಗೆ. ಪೈಪಿನ ತುದಿ ಇಟ್ಟಿಗೆಯಿಂದ ಹೊರಗೆ ಚಾಚಬಾರದು, ಚಾಚಿದರೆ ಉರಿಗೆ ಕರಗಿ ಉದುರುತ್ತದೆ. ಅರ್ಧ ಗಾಳಿ ಇವಕ್ಕೆ, ಅರ್ಧ ಸರಳಿನ ಕೆಳಗೆ. ಎರಡಕ್ಕೂ ಬೇರೆ ಬೇರೆ ವಾಲ್ವು.

ತಗ್ಗಿಸಲು ಬರುವ ಉರಿ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬ್ಲೋವರಿನ ಗಾಳಿ ಎಳೆಯುವ ಬಾಯಿಗೆ ಹಾಕಿಸಿದ ಒಂದು ತಗಡಿನ ಬಾಗಿಲು. ಸರಿಸಿದರೆ ಗಾಳಿ ಹೆಚ್ಚು, ಮುಚ್ಚಿದರೆ ಕಡಿಮೆ. ಮುಚ್ಚಿದರೆ ಮೋಟಾರಿಗೆ ಭಾರವಾಗಿ ಸುಟ್ಟುಹೋಗುತ್ತದೆ ಅಂತ ಅಣ್ಣ ಹೆದರಿದ. ಹಾಗಲ್ಲ. ಪಂಪ್‌ಸೆಟ್ಟಿನ ವಾಲ್ವು ಮುಚ್ಚಿದಾಗ ಆಂಪಿಯರ್ ಇಳಿಯುತ್ತದಲ್ಲ, ಇದೂ ಹಾಗೆಯೇ. ಗಾಳಿ ಕಡಿಮೆಯಾದರೆ ಮೋಟಾರಿನ ಕೆಲಸವೂ ಕಡಿಮೆ. ದುಡ್ಡಿದ್ದವರು ತ್ರೀ ಫೇಸ್ ಮೋಟಾರಿಗೆ ವೇಗ ಬದಲಿಸುವ ಡ್ರೈವ್ ಹಾಕಿಸಬಹುದು. ವೇಗ ಅರ್ಧ ಮಾಡಿದರೆ ಕರೆಂಟು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ತಗಡೇ ಸಾಕಾಯಿತು.

ಒಲೆ ಶುರುವಾದ ದಿನ ಮಾವ ದೂರವೇ ನಿಂತಿದ್ದರು. ಮಿಷನ್ ಬಂದ ಮೇಲೆ ತಮ್ಮ ಕೆಲಸವೇನು ಅನ್ನುವ ಯೋಚನೆ ಅವರಿಗೆ. ನಾವು ನೋಟ್‌ಬುಕ್ ನೋಡಿಕೊಂಡು ತಗಡು ಸರಿಸುತ್ತಿದ್ದೆವು. ಉರಿ ಒಮ್ಮೆ ಏರುತ್ತಿತ್ತು, ಒಮ್ಮೆ ಮಂಕಾಗುತ್ತಿತ್ತು. ಅರ್ಧ ಗಂಟೆ ನೋಡಿ ತಾಳಲಾರದೆ ಬಂದು, ‘ತತ್ತಾ ಇಲ್ಲಿ’ ಅಂತ ತಗಡು ಹಿಡಿದರು. ಪುಸ್ತಕ ನೋಡಲಿಲ್ಲ, ಉರಿಯ ಬಣ್ಣ ನೋಡಿದರು. ಕೆಂಪಗಿದ್ದು ತುದಿಯಲ್ಲಿ ಮಸಿ ಕಂಡರೆ ಮೇಲಿನ ಗಾಳಿ ಸ್ವಲ್ಪ ಹೆಚ್ಚು. ತೀರಾ ಬಿಳುಚಿಕೊಂಡು ಕಿಡಿ ಹಾರಿದರೆ ಕೆಳಗಿನದು ಕಡಿಮೆ. ಹೊನ್ನಿನ ಬಣ್ಣ ನಿಂತ ಮೇಲೆ ಕೈ ತೆಗೆದರು. ಹೊರಗೆ ಹೋಗಿ ನೋಡಿದರೆ ಚಿಮಣಿಯ ತುದಿಯಲ್ಲಿ ಹೊಗೆ ಹುಡುಕಬೇಕಾಗಿತ್ತು.

ಪಾಕದ ಹೊತ್ತಿಗೆ ಮಾವ ರಚ್ಚು ಹಾಕುವುದನ್ನು ನಿಲ್ಲಿಸಿ ತಗಡನ್ನು ಮುಕ್ಕಾಲು ಮುಚ್ಚಿದರು. ಎಣಿಸಿದ ಹಾಗೆ ಉರಿ ಇಳಿಯಿತು. ಬಾಯಿಂದ ಹೊಗೆ ಬರಲಿಲ್ಲ. ಅಣ್ಣ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡಿ ‘ಇಳ್ಸಿ’ ಅಂದ. ಅಚ್ಚಿಗೆ ಹೊಯ್ದ ಆ ಬೆಲ್ಲದ ಬಣ್ಣ ನೋಡಿ ಯಾರೂ ಮಾತಾಡಲಿಲ್ಲ. ಬೆಳ್ಳಗೆ ಮಾಡಲು ಹಾಕುವ ಪುಡಿ ಹಾಕದೆ ಬಂದ ಬಣ್ಣ ಅದು.

ಇಷ್ಟು ದಿನ ನಾವು ಬ್ಲೋವರ್ ಅಂದರೆ ಉರಿ ಎಬ್ಬಿಸುವ ಮಿಷನ್ ಅಂದುಕೊಂಡಿದ್ದೆವು. ಉರಿ ಎಬ್ಬಿಸಲು ಒಣ ರಚ್ಚೇ ಸಾಕು. ಬೇಕೆಂದಾಗ ತಗ್ಗಿಸಲು ಬರುವ ಉರಿ ಬೇಕಿತ್ತು. ಟೈರಿಗೂ ದಪ್ಪ ಕೊರಡಿಗೂ ಇರುವ ದೊಡ್ಡ ಐಬು ಅದೇ. ಹತ್ತಿಕೊಂಡ ಮೇಲೆ ಅವು ಯಾರ ಮಾತೂ ಕೇಳುವುದಿಲ್ಲ. ರಚ್ಚು ಕೇಳುತ್ತದೆ.

ಹಾಕಿಸುವವರಿಗೆ ಇನ್ನೆರಡು ಮಾತು

ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಬ್ಲೋವರ್ ನಿಂತಾಗ ಒಲೆ ತಾನಾಗಿಯೇ ಗಾಳಿ ಎಳೆಯುವ ಹಾಗೆ ಸರಳಿನ ಕೆಳಗೆ ತೆರೆಯಲು ಬರುವ ಒಂದು ಬಾಗಿಲು ಉಳಿಸಿಕೊಳ್ಳಿ. ಬಿಸಿ ಗಾಳಿ ಹಿಂದಕ್ಕೆ ಬಂದು ಬ್ಲೋವರ್ ಸುಡದಂತೆ ಪೈಪಿನೊಳಗೆ ಒಂದು ಕಡೆಗೆ ಮಾತ್ರ ತೆರೆಯುವ ತಗಡಿನ ರೆಪ್ಪೆ ಹಾಕಿಸಿ. ಉರಿ ಹಾಕಲು ಬಾಗಿಲು ತೆಗೆಯುವ ಮೊದಲು ಗಾಳಿ ತಗ್ಗಿಸಿ, ಇಲ್ಲದಿದ್ದರೆ ಜ್ವಾಲೆ ಮುಖಕ್ಕೇ ಬರುತ್ತದೆ. ಒಣ ರಚ್ಚಿನ ಬಣವೆ ಚಿಮಣಿಯಿಂದ ದೂರ ಇರಲಿ. ಇದನ್ನು ನಾವು ಹೇಗೆ ಕಲಿತೆವು ಅಂತ ಮೇಲೆ ಬರೆದಿದ್ದೇವೆ.

ಬ್ಲೋವರ್ ಹಸಿ ರಚ್ಚನ್ನು ಒಣಗಿಸಿ ಕೊಡುವುದಿಲ್ಲ. ಮಳೆಗಾಲಕ್ಕೆ ಅಂತ ಬೇಸಿಗೆಯಲ್ಲಿ ಉಳಿದ ರಚ್ಚನ್ನು ತೆಂಗಿನ ಗರಿಯ ಚಪ್ಪರ ಕಟ್ಟಿ ಅದರಡಿ ಕೂಡಿಟ್ಟಿದ್ದೇವೆ. ಮೊದಲೆಲ್ಲ ಉಳಿಯುತ್ತಲೇ ಇರಲಿಲ್ಲ, ಈಗ ಕೂಡಿಡುವಷ್ಟು ಉಳಿಯುತ್ತಿದೆ. ಈ ಮಳೆಗಾಲ ಪೂರಾ ಅದು ಸಾಲುತ್ತದೋ ನೋಡಬೇಕು. ಸಾಲದಿದ್ದರೆ ಎರಡು ವಾರ ಗಾಣ ನಿಲ್ಲಿಸೋಣ ಅಂತ ಅಣ್ಣನೇ ಹೇಳಿದ್ದಾನೆ. ಆ ಎರಡು ವಾರ ಮನೆಗೆ ದುಡ್ಡು ಬರುವುದಿಲ್ಲ. ಅದು ಸಣ್ಣ ಮಾತಲ್ಲ.

ಮಾವನ ಕೆಮ್ಮು ಪೂರ್ತಿ ಹೋಗಿಲ್ಲ. ಅಷ್ಟು ವರ್ಷ ಎಳೆದ ಹೊಗೆ ಒಂದು ಸೀಸನ್ನಿಗೆ ಹೋಗುವುದೂ ಇಲ್ಲ. ಆದರೆ ಈಗ ಅವರು ಒಲೆಯ ಬಾಯಿ ಮುಂದೆ ಮುಖ ತಿರುಗಿಸದೆ ಕೂರುತ್ತಾರೆ.

ಕೊಟ್ಟಿಗೆ ಹಿಂದೆ ಉಳಿದಿದ್ದ ಟೈರುಗಳನ್ನು ತಂದುಕೊಟ್ಟವನೇ ವಾಪಸ್ ಒಯ್ದ. ಅರ್ಧ ದುಡ್ಡು ಕೊಟ್ಟ.

ಎರಡು ವರ್ಷದ ಹಿಂದಿನ ಆ ಸುದ್ದಿಯಲ್ಲಿ ‘ಹಲವು ಆಲೆಮನೆಗಳಲ್ಲಿ’ ಅನ್ನುವ ಮಾತಿನ ಪಕ್ಕ ಇನ್ನೊಂದು ಸಾಲು ಇರಬೇಕಿತ್ತು. ಅವುಗಳಲ್ಲಿ ಒಂದು ಈ ಸುದ್ದಿ ಬರೆದವರ ಮನೆಯದು ಅಂತ. ತಡವಾಗಿಯಾದರೂ ಇಲ್ಲಿ ಬರೆದಿದ್ದೇವೆ.

ಬ್ಲೋವರ್ ನೋಡಬೇಕು ಅನ್ನುವವರು ಆಲೆ ಆಡುವ ದಿನ ಬನ್ನಿ. ಎಚ್.ಪಿ. ಕೇಳಬೇಡಿ. ಮಟ್ಟದ ಟ್ಯೂಬು ನಾವೇ ಕೊಡುತ್ತೇವೆ, ಉರಿಯ ಬಣ್ಣ ಮಾವ ತೋರಿಸುತ್ತಾರೆ.